ಕವಚದ ಮರೆಯ ರೋಗಾಣು: ಸ್ಟ್ರೆಪ್ಟೊಕಾಕಸ್ ಸೋಂಕುಗಳ ಉಗ್ರತೆಯನ್ನು ಕುರಿತು



ರೋಗಾಣುವೊಂದು ಉಗ್ರವಾಗಿದೆ ಎಂದಾಗ ಸಾಮಾನ್ಯವಾಗಿ ಮನಸ್ಸಿಗೆ ಬರುವುದು ಅದು ಕಾರುವ ವಿಷ. ಧನುರ್ವಾಯು, ಗಂಟಲಮಾರಿ, ಕಾಲರಾಗಳ ವಿಷಯದಲ್ಲಿ ಈ ತಿಳಿವಳಿಕೆ ಬಹುಮಟ್ಟಿಗೆ ಸರಿಯೇ. ಆ ರೋಗಾಣುಗಳ ವಿಷವನ್ನು ಬೇರ್ಪಡಿಸಿ ಪ್ರಾಣಿಯ ದೇಹಕ್ಕೆ ಸೇರಿಸಿದರೆ ರೋಗದ ಮುಖ್ಯ ಲಕ್ಷಣಗಳೆಲ್ಲ ತೋರುತ್ತವೆ. ಆದರೆ ನ್ಯುಮೋನಿಯಾ ಮತ್ತು ಮಿದುಳುಪೊರೆಯ ಉರಿಯೂತವನ್ನು ಉಂಟುಮಾಡುವ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಈ ಅಳತೆಗೋಲಿನಿಂದ ಅಳೆಯಲು ಬರುವುದಿಲ್ಲ. ಅದರಲ್ಲೂ ನ್ಯುಮೊಲೈಸಿನ್ ಎಂಬ ವಿಷವಿದೆ, ಜೀವಕೋಶಗಳನ್ನು ಅದು ಘಾಸಿಗೊಳಿಸುವುದೂ ನಿಜ. ಆದರೂ ಆ ವಿಷವನ್ನು ಪೂರ್ತಿಯಾಗಿ ಉಳಿಸಿಕೊಂಡು ಮೈಮೇಲಿನ ಸಕ್ಕರೆಯ ಹೊದಿಕೆಯೊಂದನ್ನು ಮಾತ್ರ ಕಳೆದುಕೊಂಡ ನ್ಯುಮೊಕಾಕಸ್, ಇಲಿಯ ದೇಹದಲ್ಲಿ ಬಹುತೇಕ ನಿರುಪದ್ರವಿಯಾಗಿ ಬಿಡುತ್ತದೆ. ಆ ಹೊದಿಕೆಯನ್ನೇ ಪ್ರತ್ಯೇಕಿಸಿ ಚುಚ್ಚಿದರೆ ಯಾರಿಗೂ ಕಾಯಿಲೆ ಬರುವುದಿಲ್ಲ. ತಾನು ಯಾರನ್ನೂ ನೋಯಿಸದ ವಸ್ತುವೊಂದು ಮಾರಕ ರೋಗಕ್ಕೆ ಅನಿವಾರ್ಯ ಕಾರಣವಾಗುವ ಬಗೆ ಹೇಗೆಂಬುದೇ ಈ ಉಪನ್ಯಾಸದ ವಿಚಾರ. ಉಗ್ರತೆ ರೋಗಾಣುವಿನ ಒಡಲಿನಲ್ಲಿ ಅಡಗಿರುವ ಸ್ಥಿರ ಗುಣವಲ್ಲ, ಅದು ರೋಗಾಣುವಿಗೂ ಅದು ಹೊಕ್ಕ ದೇಹಕ್ಕೂ ನಡುವಣ ಸಂಬಂಧದಲ್ಲಿ ಹುಟ್ಟುವಂಥದ್ದು ಎಂಬುದು ಇಲ್ಲಿ ಪ್ರತಿಪಾದಿತವಾಗುವ ನಿಲುವು.

ಸ್ಟ್ರೆಪ್ಟೊಕಾಕಸ್ ಎಂಬುದು ಗುಂಡಗಿನ, ಸರದಂತೆಯೋ ಜೋಡಿಯಾಗಿಯೋ ಕೂಡಿಕೊಂಡಿರುವ ಬ್ಯಾಕ್ಟೀರಿಯಾಗಳ ಒಂದು ಕುಲ. ಮನುಷ್ಯರ ಮಟ್ಟಿಗೆ ಅದರಲ್ಲಿ ಮೂರು ಪ್ರಭೇದಗಳು ಮುಖ್ಯವಾದವು: ಮೇಲೆ ಹೇಳಿದ ನ್ಯುಮೊಕಾಕಸ್, ಗಂಟಲುಬೇನೆ, ಚರ್ಮದ ಕೀವು, ಬಾಣಂತಿಯರ ನಂಜು ಹಾಗೂ ಕೀಲುವಾತಜ್ವರಕ್ಕೆ ಕಾರಣವಾಗುವ ಎ ಗುಂಪಿನ ಸ್ಟ್ರೆಪ್ಟೊಕಾಕಸ್, ನವಜಾತ ಶಿಶುಗಳ ರಕ್ತಕ್ಕೂ ಮಿದುಳುಪೊರೆಗೂ ನಂಜೇರಿಸುವ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್. ಈ ಮೂರೂ ತಮ್ಮ ಕೋಶಭಿತ್ತಿಯ ಹೊರಗೆ ಸಕ್ಕರೆಯ ಕಣಗಳು ಉದ್ದುದ್ದ ಸರಪಳಿಯಾಗಿ ಹೆಣೆದುಕೊಂಡ ಒಂದು ಪದರವನ್ನು ಕಟ್ಟಿಕೊಳ್ಳಬಲ್ಲವು. ಅದಕ್ಕೆ ಕವಚವೆಂದು ಹೆಸರು. ನ್ಯುಮೊಕಾಕಸ್ಸಿನ ದೇಹ ಸುಮಾರು ಒಂದು ಮೈಕ್ರೊಮೀಟರ್ ಅಗಲವಿದ್ದರೆ ಅದರ ಕವಚದ ದಪ್ಪ 200ರಿಂದ 400 ನ್ಯಾನೊಮೀಟರ್‌ಗಳವರೆಗೆ ಇರಬಹುದು. ಎಂದರೆ ತನ್ನ ಗಾತ್ರಕ್ಕೆ ಹೋಲಿಸಿದರೆ ಬಹು ದೊಡ್ಡದಾದ ಹೊದಿಕೆಯನ್ನು ಈ ಜೀವಿ ಹೊತ್ತು ತಿರುಗುತ್ತದೆ, ಅದನ್ನು ಕಟ್ಟಲು ತನ್ನ ಆಹಾರದ ಗಣನೀಯ ಪಾಲನ್ನು ವೆಚ್ಚಮಾಡುತ್ತದೆ.

ಬೆಂಗಳೂರಿನ ದಂಡು ಪ್ರದೇಶಕ್ಕೂ ಈ ಜೀವಿಗಳಿಗೂ ಇರುವ ನಂಟು ಹಳೆಯದು. 1809ರಲ್ಲಿ ಹಲಸೂರಿನ ಸುತ್ತ ಬ್ರಿಟಿಷರ ಸೇನಾ ನೆಲೆ ಸ್ಥಾಪನೆಯಾದ ಮೇಲೆ ಸೈನಿಕರ ಬ್ಯಾರಕ್ಕುಗಳು ಎದ್ದವು, ಅವರ ಚಾಕರಿಗೆ ಬಂದ ಕುಟುಂಬಗಳ ಇಕ್ಕಟ್ಟಾದ ವಸತಿಗಳೂ ಬೆಳೆದವು. ಒಂದೇ ಕೋಣೆಯಲ್ಲಿ ಹಲವರು ಮಲಗುವೆಡೆ ಉಸಿರಿನಿಂದ ಉಸಿರಿಗೆ ಹರಡುವ ಬ್ಯಾಕ್ಟೀರಿಯಾಗಳಿಗೆ ಎಂದೂ ಅನುಕೂಲವೇ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನ ಆಸ್ಪತ್ರೆ ಈಗಿನ ಶಿವಾಜಿನಗರದಲ್ಲಿ ತಲೆಯೆತ್ತಿದಾಗ ನ್ಯುಮೋನಿಯಾಕ್ಕೆ ರೋಗಾಣುವೊಂದು ಕಾರಣವೆಂಬುದೇ ಜಗತ್ತಿಗೆ ತಿಳಿದಿರಲಿಲ್ಲ. 1918ರ ಇನ್‌ಫ್ಲುಯೆಂಜಾ ಪಿಡುಗು ಭಾರತವನ್ನು ಕಂಗೆಡಿಸಿ ಬೆಂಗಳೂರನ್ನೂ ಬಿಡದೆ ಕಾಡಿದಾಗ ಆ ರೋಗಾಣುವನ್ನು ಗುರುತಿಸಲಾಗಿತ್ತು, ಆದರೆ ಅದನ್ನು ಕೊಲ್ಲುವ ಔಷಧ ಇರಲಿಲ್ಲ. ಆ ಪಿಡುಗಿನಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ಬಹುಕಾಲದ ಬಳಿಕ ಅಮೆರಿಕದಲ್ಲಿ ಮರುಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಬಹುಪಾಲು ಸಾವುಗಳಿಗೆ ವೈರಸ್ಸೊಂದೇ ಕಾರಣವಲ್ಲ, ಅದು ಘಾಸಿಗೊಳಿಸಿದ ಉಸಿರುನಾಳದ ದಾರಿಯಲ್ಲಿ ಇಳಿದ ನ್ಯುಮೊಕಾಕಸ್ ಮೊದಲಾದ ಬ್ಯಾಕ್ಟೀರಿಯಾಗಳು ಸಹ ಕಾರಣ ಎಂದು ತೋರಿಸಿತು. ಅಂಥ ವರ್ಷಗಳ ಮರಣದ ಲೆಕ್ಕವನ್ನು ಓದುವಾಗ, ಇನ್‌ಫ್ಲುಯೆಂಜಾ ಎಂದು ಬರೆದ ಒಂದೇ ಸಾಲಿನಡಿಯಲ್ಲಿ ಕವಚಧಾರಿ ಬ್ಯಾಕ್ಟೀರಿಯಾಗಳು ಬಲಿಪಡೆದ ಜೀವಗಳೂ ಸೇರಿವೆಯೆಂಬುದನ್ನು ನೆನಪಿಡಬೇಕು.

ನ್ಯುಮೊಕಾಕಸ್ಸನ್ನು ಫ್ರಾನ್ಸಿನಲ್ಲಿ ಲೂಯಿ ಪಾಸ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್ 1881ರಲ್ಲಿ ಪರಸ್ಪರ ಸಂಬಂಧವಿಲ್ಲದೆ ಪ್ರಕಟಪಡಿಸಿದರು. ಕವಚವುಳ್ಳ ಬ್ಯಾಕ್ಟೀರಿಯಾ ಪೋಷಕದ್ರವ್ಯದ ಮೇಲೆ ನುಣುಪಾದ ಚುಕ್ಕೆಗಳಾಗಿಯೂ ಕವಚವಿಲ್ಲದ್ದು ಒರಟು ಚುಕ್ಕೆಗಳಾಗಿಯೂ ಬೆಳೆಯುವುದನ್ನು ಬಳಸಿಕೊಂಡು ಫ್ರೆಡರಿಕ್ ಗ್ರಿಫಿತ್ 1928ರಲ್ಲಿ ನಡೆಸಿದ ಪ್ರಯೋಗವೂ, ಅದನ್ನು ಬೆನ್ನುಹತ್ತಿ ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರು 1944ರಲ್ಲಿ ಆನುವಂಶಿಕ ವಸ್ತು ಡಿಎನ್‌ಎ ಎಂದು ಕಂಡುಕೊಂಡದ್ದೂ ಶಾಲೆಯ ಪುಸ್ತಕಗಳವರೆಗೆ ಬಂದಿವೆ. ಅದೇ ಏವರಿಯವರ ಪ್ರಯೋಗಾಲಯದಲ್ಲಿ ನಡೆದ ಮತ್ತೊಂದು ಕೆಲಸಕ್ಕೆ ಅಷ್ಟು ಪ್ರಸಿದ್ಧಿ ಸಿಗಲಿಲ್ಲ. ಕವಚದ ಪಾತ್ರವನ್ನು ಅರಿಯಲು ಅದಕ್ಕಿಂತ ನೇರವಾದ ಸಾಕ್ಷಿ ಬೇರೊಂದಿಲ್ಲ. ರೆನೆ ಡ್ಯುಬೊ ಎಂಬ ಯುವ ವಿಜ್ಞಾನಿ, ಕವಚದ ರಚನೆಗೆ ತಕ್ಕಂತೆ ವಿಂಗಡಿಸಿದ ಮಾದರಿಗಳಲ್ಲಿ ಮೂರನೆಯದಾದ ನ್ಯುಮೊಕಾಕಸ್ಸಿನ ಕವಚವನ್ನು ತಿಂದು ಬದುಕುವ ಜೀವಿಯೊಂದು ಪ್ರಕೃತಿಯಲ್ಲಿ ಎಲ್ಲೋ ಇದ್ದೇ ಇರಬೇಕೆಂದು ತರ್ಕಿಸಿ, ನ್ಯೂಜೆರ್ಸಿಯ ಜೌಗುನೆಲದ ಮಣ್ಣಿನಲ್ಲಿ ಅದನ್ನು ಹುಡುಕಿ ತೆಗೆದರು. ಅದರ ಕಿಣ್ವವು ಕವಚವನ್ನು ಕರಗಿಸುತ್ತಿತ್ತು, ಬ್ಯಾಕ್ಟೀರಿಯಾವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮಾರಕ ಪ್ರಮಾಣದ ಸೋಂಕು ತಗುಲಿಸಿದ ಇಲಿಗಳಿಗೆ ಆ ಕಿಣ್ವವನ್ನು ಕೊಟ್ಟಾಗ ಅವು ಬದುಕಿ ಉಳಿದವೆಂದು ಏವರಿ ಮತ್ತು ಡ್ಯುಬೊ 1931ರಲ್ಲಿ ವರದಿ ಮಾಡಿದರು. ಔಷಧವು ರೋಗಾಣುವನ್ನು ಕೊಲ್ಲಲಿಲ್ಲ. ಅದರ ಹೊದಿಕೆಯನ್ನು ಕಳಚಿತು, ಉಳಿದದ್ದನ್ನು ಇಲಿಯ ದೇಹವೇ ಮಾಡಿ ಮುಗಿಸಿತು. ಸಲ್ಫಾ ಔಷಧಗಳೂ ಪೆನಿಸಿಲಿನ್ನೂ ಬಂದು ಈ ದಾರಿ ಚಿಕಿತ್ಸೆಯಾಗಿ ಮುಂದುವರಿಯಲಿಲ್ಲವಾದರೂ, ಅದು ಕಲಿಸಿದ ತತ್ವಕ್ಕೆ ಇಂದಿಗೂ ಮುಕ್ಕು ಬಂದಿಲ್ಲ.

ಆ ಹೊದಿಕೆ ಮಾಡುವ ಕೆಲಸವೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ರಕ್ತದಲ್ಲಿ ಹೊರಗಿನ ಜೀವಿಯೊಂದು ಕಾಣಿಸಿಕೊಂಡಾಗ ಪೂರಕ ವ್ಯವಸ್ಥೆ ಎಂದು ಕರೆಯಲಾಗುವ ಪ್ರೋಟೀನುಗಳ ಸಮೂಹ ಅದರ ಮೈಗೆ ಅಂಟಿಕೊಳ್ಳುತ್ತದೆ. ಬಿಳಿಯ ರಕ್ತಕಣಗಳಲ್ಲಿ ಭಕ್ಷಕಗಳೆನಿಸಿದವು, ಹೀಗೆ ಅಂಟಿದ ಪ್ರೋಟೀನುಗಳನ್ನು ತಮ್ಮ ಗ್ರಾಹಕಗಳಿಂದ ಹಿಡಿದು ಇಡೀ ಜೀವಿಯನ್ನು ನುಂಗಿಬಿಡುತ್ತವೆ. ನ್ಯುಮೊಕಾಕಸ್ಸಿನ ಕವಚ ಈ ಸರಣಿಯನ್ನು ಎರಡು ಕಡೆ ತುಂಡರಿಸುತ್ತದೆ. ಮೊದಲನೆಯದಾಗಿ ಪೂರಕ ಪ್ರೋಟೀನುಗಳು ಅಂಟುವುದನ್ನೇ ಅದು ಕಡಿಮೆ ಮಾಡುತ್ತದೆ. ಎರಡನೆಯದಾಗಿ, ಕವಚದೊಳಗೆ ನುಸುಳಿ ಕೋಶಭಿತ್ತಿಯ ಮೇಲೆ ಅವು ಅಂಟಿದರೂ ಮೇಲಿನ ದಪ್ಪ ಪದರ ಅಡ್ಡವಾಗಿ ನಿಲ್ಲುವುದರಿಂದ ಭಕ್ಷಕ ಕೋಶದ ಗ್ರಾಹಕಗಳಿಗೆ ಅವು ಎಟುಕುವುದಿಲ್ಲ. ಬಹುಪಾಲು ಕವಚಗಳು ಋಣ ವಿದ್ಯುದಂಶವನ್ನು ಹೊತ್ತಿರುತ್ತವೆ, ಮೂಗಿನ ಲೋಳೆಯೂ ಹಾಗೆಯೇ. ಆದ್ದರಿಂದ ಎರಡೂ ಒಂದನ್ನೊಂದು ವಿಕರ್ಷಿಸಿ, ಬ್ಯಾಕ್ಟೀರಿಯಾ ಲೋಳೆಯಲ್ಲಿ ಸಿಕ್ಕಿ ಹೊರಬೀಳದೆ ಒಳಗಿನ ಪದರವನ್ನು ತಲುಪುತ್ತದೆ. ರೋಗಾಣುವಿಗೆ ಇಲ್ಲಿ ಆಕ್ರಮಣದ ಸಾಧನ ಯಾವುದೂ ದೊರೆತಿಲ್ಲ, ದೊರೆತದ್ದು ಕಾಲಾವಕಾಶ. ನುಂಗಲ್ಪಡದೆ ಉಳಿದ ಬ್ಯಾಕ್ಟೀರಿಯಾ ಇಮ್ಮಡಿಯಾಗುತ್ತ ಹೋಗುತ್ತದೆ, ಅದನ್ನು ಹಿಡಿಯಲೆಂದು ಬಂದ ಬಿಳಿಯ ಕಣಗಳು ಶ್ವಾಸಕೋಶದ ಗಾಳಿಚೀಲಗಳಲ್ಲಿ ರಾಶಿಬೀಳುತ್ತವೆ. ನ್ಯುಮೋನಿಯಾದಲ್ಲಿ ಶ್ವಾಸಕೋಶ ಗಟ್ಟಿಯಾಗುವುದಕ್ಕೆ ಬ್ಯಾಕ್ಟೀರಿಯಾ ಎಷ್ಟು ಕಾರಣವೋ ದೇಹದ ಈ ಸಫಲವಾಗದ ಪ್ರಯತ್ನವೂ ಅಷ್ಟೇ ಕಾರಣ.

ಇಷ್ಟಾದರೂ ಕವಚ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾಕ್ಕೆ ಲಾಭ ಎನ್ನುವಂತಿಲ್ಲ. ನ್ಯುಮೊಕಾಕಸ್ಸಿನ ಸಹಜ ನೆಲೆ ರಕ್ತವಲ್ಲ, ಶ್ವಾಸಕೋಶವೂ ಅಲ್ಲ; ಅದು ಮೂಗಿನ ಹಿಂಭಾಗದ ಗಂಟಲು, ಅದರಲ್ಲಿಯೂ ಎಳೆಯ ಮಕ್ಕಳದು. ಯಾವ ಕಾಯಿಲೆಯ ಸುಳಿವೂ ಇಲ್ಲದ ಮಕ್ಕಳ ಮೂಗಿನಲ್ಲಿ ಅದು ವಾರಗಟ್ಟಲೆ ಇದ್ದು, ಸೀನು ಸಿಂಬಳಗಳ ಮೂಲಕ ಮತ್ತೊಂದು ಮಗುವಿಗೆ ಸಾಗುತ್ತದೆ. ಮೂಗಿನ ಒಳಪದರಕ್ಕೆ ಅಂಟಿಕೊಳ್ಳಬೇಕಾದರೆ ಕವಚ ತೆಳುವಾಗಿರಬೇಕು, ಏಕೆಂದರೆ ಅಂಟಿಕೊಳ್ಳಲು ಬೇಕಾದ ಪ್ರೋಟೀನುಗಳು ಕವಚದ ಕೆಳಗಿವೆ. ರಕ್ತಕ್ಕಿಳಿದಾಗ ಮಾತ್ರ ದಪ್ಪ ಕವಚ ಬೇಕು. ಈ ಎರಡು ಸ್ಥಿತಿಗಳ ನಡುವೆ ಬ್ಯಾಕ್ಟೀರಿಯಾ ಬದಲಾಗಬಲ್ಲದೆಂಬುದನ್ನು 1990ರ ದಶಕದ ಸಂಶೋಧನೆಗಳು ತೋರಿಸಿಕೊಟ್ಟವು. ಮಗುವಿನ ಸಾವಿನಿಂದ ಈ ಜೀವಿಗೆ ಯಾವ ಪ್ರಯೋಜನವೂ ಇಲ್ಲ. ಮಗು ಸತ್ತರೆ ಅದರ ಹರಡುವಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಮೂಗಿನಲ್ಲಿ ನೆಲೆನಿಲ್ಲಲು ಒದಗಿಬಂದ ರಕ್ಷಣೆಯೇ ದಾರಿ ತಪ್ಪಿ ರಕ್ತಕ್ಕೆ ಸೇರಿದಾಗ ಮಾರಕವಾಗುತ್ತದೆ ಎಂಬ ಈ ಸಂಗತಿ, ಉಗ್ರತೆಯನ್ನು ವೈರಿಯ ಸಂಕಲ್ಪವೆಂಬಂತೆ ಚಿತ್ರಿಸುವ ರೂಢಿಗೆ ತಕ್ಕ ಉತ್ತರ.

ಸಂಬಂಧದ ಇನ್ನೊಂದು ಕೊನೆ ದೇಹದ ಕಡೆಯದು. ಕವಚದ ಸಕ್ಕರೆಯನ್ನೇ ಗುರುತಿಸಿ ಅದರ ಹೊರಮೈಗೆ ಅಂಟುವ ಪ್ರತಿಕಾಯಗಳು ರಕ್ತದಲ್ಲಿದ್ದರೆ ಭಕ್ಷಕ ಕೋಶಗಳಿಗೆ ಹಿಡಿತ ಸಿಗುತ್ತದೆ, ಕವಚದ ರಕ್ಷಣೆ ಅಲ್ಲಿಗೆ ಮುಗಿಯುತ್ತದೆ. ಆದರೆ ಎರಡು ವರ್ಷದೊಳಗಿನ ಮಕ್ಕಳ ದೇಹ ಬರಿಯ ಸಕ್ಕರೆಯ ವಿರುದ್ಧ ಸಮರ್ಥ ಪ್ರತಿಕಾಯಗಳನ್ನು ತಯಾರಿಸಲಾರದು, ಮುಪ್ಪಿನಲ್ಲಿ ಈ ಸಾಮರ್ಥ್ಯ ಮತ್ತೆ ಕುಗ್ಗುತ್ತದೆ. ಆದ್ದರಿಂದ ರೋಗವು ಬದುಕಿನ ಎರಡು ತುದಿಗಳಲ್ಲಿ ಹೆಚ್ಚು. ಗುಲ್ಮವಿಲ್ಲದವರ ಪಾಡು ಬೇರೆ. ರಕ್ತವನ್ನು ಸೋಸಿ ಕವಚಧಾರಿ ಬ್ಯಾಕ್ಟೀರಿಯಾಗಳನ್ನು ಹಿಡಿಯುವ ಕೆಲಸ ಬಹುಮಟ್ಟಿಗೆ ಗುಲ್ಮದ್ದಾಗಿರುವುದರಿಂದ, ಹಳೆ ಮದ್ರಾಸು ರಸ್ತೆಯಲ್ಲೋ ಹೊರವರ್ತುಲ ರಸ್ತೆಯಲ್ಲೋ ಬೈಕಿನಿಂದ ಬಿದ್ದು ಗುಲ್ಮ ಒಡೆದು, ಶಸ್ತ್ರಕ್ರಿಯೆಯಲ್ಲಿ ಅದನ್ನು ತೆಗೆಸಿಕೊಂಡ ಯುವಕನೊಬ್ಬ ಗಾಯ ಮಾಯ್ದು ವರ್ಷಗಳು ಕಳೆದ ಮೇಲೂ ನ್ಯುಮೊಕಾಕಸ್ಸಿಗೆ ಗಂಟೆಗಳ ಲೆಕ್ಕದಲ್ಲಿ ತುತ್ತಾಗಬಹುದು. ಅಂಥವರಿಗೆ ನ್ಯುಮೊಕಾಕಸ್ ಲಸಿಕೆಯನ್ನು ತಪ್ಪದೆ ಕೊಡಬೇಕೆಂಬ ವೈದ್ಯಕೀಯ ಶಿಫಾರಸು ಎಲ್ಲೆಡೆ ಇದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿಯಲ್ಲಿ ಆ ಒಂದು ಸಾಲು ಬಿಟ್ಟುಹೋಗದಂತೆ ನೋಡುವುದು ಜೀವ ಉಳಿಸುವ ಕೆಲಸವೇ ಸರಿ.

ನ್ಯುಮೊಕಾಕಸ್ಸಿನ ಕವಚ ಒಂದೇ ಬಗೆಯದಲ್ಲ. ಸಕ್ಕರೆಯ ಕಣಗಳು ಯಾವುವು, ಯಾವ ಕ್ರಮದಲ್ಲಿ ಜೋಡಣೆಗೊಂಡಿವೆ ಎಂಬುದನ್ನು ಅನುಸರಿಸಿ ನೂರಕ್ಕೂ ಹೆಚ್ಚು ಮಾದರಿಗಳನ್ನು ಗುರುತಿಸಲಾಗಿದೆ. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಸಾಮಾನ್ಯವಾಗಿ ಇನ್ನೊಂದಕ್ಕೆ ಉಪಯೋಗವಿಲ್ಲ. ಕವಚ ಕಟ್ಟುವ ಜೀನುಗಳು ವರ್ಣತಂತುವಿನ ಒಂದೇ ಎಡೆಯಲ್ಲಿ ಕಂತೆಯಾಗಿ ಇರುವುದರಿಂದ, ಒಂದು ಬ್ಯಾಕ್ಟೀರಿಯಾ ನೆರೆಯದರ ಡಿಎನ್‌ಎಯನ್ನು ಹೀರಿಕೊಂಡು ಇಡೀ ಕವಚವನ್ನೇ ಬದಲಾಯಿಸಿಕೊಳ್ಳಲೂ ಬಲ್ಲದು. ಹೀಗಿರುವಾಗ ಯಾವ ಊರಿನಲ್ಲಿ ಯಾವ ಮಾದರಿ ಚಲಾವಣೆಯಲ್ಲಿದೆ ಎಂಬುದು ಕುತೂಹಲದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಯಾವ ಲಸಿಕೆ ಫಲಕೊಡುತ್ತದೆ ಎಂಬ ಪ್ರಶ್ನೆಯೂ ಅದೇ ಆಗುತ್ತದೆ.

ಈ ಗುರುತಿಸುವಿಕೆ ನಡೆಯುವ ಬಗೆಯನ್ನು ಪ್ರಯೋಗಾಲಯದ ಮೇಜಿನ ಹತ್ತಿರ ನಿಂತು ನೋಡುವುದು ಒಳಿತು. ಕುರಿಯ ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಒಂದು ರಾತ್ರಿ ಕಳೆದ ನ್ಯುಮೊಕಾಕಸ್, ಸುತ್ತ ಹಸಿರು ಛಾಯೆಯ ವಲಯ ಬಿಡಿಸಿಕೊಂಡ ಸಣ್ಣ ಚುಕ್ಕೆಗಳಾಗಿ ಕಾಣುತ್ತದೆ. ಅದರ ಸ್ವಂತ ಕಿಣ್ವವೇ ವಯಸ್ಸಾದ ಕೋಶಗಳನ್ನು ಕರಗಿಸುವುದರಿಂದ ಚುಕ್ಕೆಯ ನಡುವೆ ಒಂದು ತಗ್ಗು ಬೀಳುತ್ತದೆ. ಮೂರನೆಯ ಮಾದರಿಯದಾದರೆ ಹಾಗಲ್ಲ: ತಟ್ಟೆಯ ಮೇಲೆ ನೀರಹನಿಗಳಂತೆ ದೊಡ್ಡವಾಗಿ ಮಿನುಗುವ ಚುಕ್ಕೆಗಳನ್ನು ತಂತಿಯ ಕುಣಿಕೆಯಿಂದ ಎತ್ತಿದರೆ ಹೆಚ್ಚಿದ ಬೆಂಡೆಕಾಯಿಯ ಲೋಳೆಯಂತೆ ಎಳೆ ಬರುತ್ತದೆ. ಮಾದರಿಯನ್ನು ನಿಶ್ಚಯಿಸಲು, ಬ್ಯಾಕ್ಟೀರಿಯಾ ಇರುವ ಒಂದು ಸಣ್ಣ ಹನಿಗೆ ಗೊತ್ತಾದ ಕವಚವೊಂದರ ವಿರುದ್ಧ ಮೊಲದಲ್ಲಿ ತಯಾರಿಸಿದ ಸೀರಂ ಬೆರೆಸಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಸೀರಂ ಮತ್ತು ಕವಚ ಹೊಂದಿಕೆಯಾದರೆ ಇದುವರೆಗೆ ಕಾಣದಿದ್ದ ಹೊದಿಕೆ ಉಬ್ಬಿದಂತೆ ಸ್ಪಷ್ಟವಾಗುತ್ತದೆ. ಜರ್ಮನಿಯ ಫ್ರೆಡ್ ನಾಯ್‌ಫೆಲ್ಡ್ 1902ರಲ್ಲಿ ವರ್ಣಿಸಿದ ಈ ಪರೀಕ್ಷೆಯ ಜೊತೆಗೆ ಈಗ ಜೀನುಗಳನ್ನೇ ಓದುವ ವಿಧಾನಗಳೂ ಬಳಕೆಯಲ್ಲಿವೆ.

ಆದರೆ ಈ ಎಲ್ಲಕ್ಕೂ ಮೊದಲು ಬ್ಯಾಕ್ಟೀರಿಯಾ ಬೆಳೆಯಬೇಕು, ಹೆಚ್ಚಿನ ಸಲ ಅದೇ ಆಗುವುದಿಲ್ಲ. ಮಗುವಿಗೆ ಜ್ವರ ಏರಿದೊಡನೆ ಬಡಾವಣೆಯ ಕ್ಲಿನಿಕ್ಕಿನಲ್ಲೋ ಔಷಧದ ಅಂಗಡಿಯಲ್ಲೋ ಆ್ಯಂಟಿಬಯೋಟಿಕ್ ಸಿಕ್ಕಿರುತ್ತದೆ. ಎರಡು ಮೂರು ದಿನಗಳ ಮೇಲೆ ಉಸಿರಾಟ ಏರಿ, ಪಕ್ಕೆ ಒಳಗೆ ಸೆಳೆಯತೊಡಗಿದಾಗ ದೊಡ್ಡ ಆಸ್ಪತ್ರೆಗೆ ತಂದು ರಕ್ತ ತೆಗೆದರೆ ಬಾಟಲಿಯಲ್ಲಿ ಏನೂ ಬೆಳೆಯುವುದಿಲ್ಲ. ಸೋಂಕು ಮಿದುಳುಪೊರೆಯದಾಗಿದ್ದರೆ, ಮಿದುಳುಬಳ್ಳಿಯ ದ್ರವದಲ್ಲಿ ಕರಗಿರುವ ಕವಚದ ಸಕ್ಕರೆಯನ್ನು ಪತ್ತೆಹಚ್ಚುವ ಪರೀಕ್ಷೆಗಳು, ಬ್ಯಾಕ್ಟೀರಿಯಾ ಸತ್ತ ಮೇಲೂ ಅದರ ಗುರುತು ಕೊಡಬಲ್ಲವಾದ್ದರಿಂದ ಇಂಥ ಕಡೆ ನೆರವಾಗುತ್ತವೆ. ಆದರೂ ಮೊದಲ ಡೋಸಿಗೆ ಮುನ್ನ ರಕ್ತದ ಮಾದರಿ ತೆಗೆದಿಡುವ ಶಿಸ್ತಿಗೆ ಸಮನಾದದ್ದು ಬೇರೆ ಇಲ್ಲ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸಂಶೋಧನಾ ಪ್ರಯೋಗಾಲಯ ನ್ಯುಮೊಕಾಕಸ್ ಮಾದರಿಗಳನ್ನು ಗುರುತಿಸುವ ಕೆಲಸದಲ್ಲಿ ಹೆಸರು ಮಾಡಿದೆ. 2011ರಿಂದ 2015ರವರೆಗೆ ದೇಶದ ಹಲವು ಆಸ್ಪತ್ರೆಗಳು ಕೂಡಿ ಐದು ವರ್ಷದೊಳಗಿನ ಮಕ್ಕಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 14, 1, 5 ಮತ್ತು 19ಎಫ್ ಮಾದರಿಗಳು ಮುಂಚೂಣಿಯಲ್ಲಿದ್ದವು.

ಈ ಅಂಕೆಗಳ ಮಹತ್ವ ಲಸಿಕೆಯ ಚರಿತ್ರೆಯ ಜೊತೆಗಿಟ್ಟು ನೋಡಿದಾಗ ಗೊತ್ತಾಗುತ್ತದೆ. ಶುದ್ಧೀಕರಿಸಿದ ಕವಚದ ಸಕ್ಕರೆಯನ್ನೇ ಬಳಸಿದ ಲಸಿಕೆ 1977ರಲ್ಲಿಯೇ ಅಮೆರಿಕದಲ್ಲಿ ಪರವಾನಗಿ ಪಡೆಯಿತಾದರೂ, ಹಸುಗೂಸುಗಳ ದೇಹ ಸಕ್ಕರೆಗೆ ಪ್ರತಿಕ್ರಿಯಿಸದ ಕಾರಣ ಯಾರಿಗೆ ಅಗತ್ಯ ಹೆಚ್ಚೋ ಅವರಿಗೇ ಅದು ನಿಲುಕಲಿಲ್ಲ. ಸಕ್ಕರೆಯನ್ನು ಒಂದು ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದರೆ ಪ್ರೋಟೀನಿಗೆ ಎಚ್ಚರಗೊಳ್ಳುವ ಟಿ ಕೋಶಗಳು ಸಕ್ಕರೆಯ ವಿರುದ್ಧ ಪ್ರತಿಕಾಯ ತಯಾರಿಸಲೂ ನೆರವಾಗುತ್ತವೆ ಎಂಬ ಅರಿವಿನ ಮೇಲೆ ನಿಂತ ಸಂಯೋಜಿತ ಲಸಿಕೆ 2000ದಲ್ಲಿ ಅಮೆರಿಕದ ಮಕ್ಕಳಿಗೆ ಬಂತು. ಅದು ಏಳು ಮಾದರಿಗಳನ್ನು ಒಳಗೊಂಡಿತ್ತು. ಅಲ್ಲಿಯ ಮಕ್ಕಳ ರೋಗಕ್ಕೆ ಆ ಏಳು ಸರಿಯಾದ ಆಯ್ಕೆಯೇ ಆಗಿದ್ದರೂ, ಭಾರತದಲ್ಲಿ ಮುಖ್ಯವಾದ 1 ಮತ್ತು 5 ಅದರಲ್ಲಿ ಇರಲಿಲ್ಲ. ಆ ಲಸಿಕೆ ಬಂದ ಬಳಿಕ ಅಮೆರಿಕದಲ್ಲಿಯೇ 19ಎ ಎಂಬ ಹೊರಗುಳಿದಿದ್ದ ಮಾದರಿ ತೆರವಾದ ಜಾಗವನ್ನು ಆಕ್ರಮಿಸಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2020ರಲ್ಲಿ ಬಿಡುಗಡೆ ಮಾಡಿದ ಹತ್ತು ಮಾದರಿಗಳ ಲಸಿಕೆಯಲ್ಲಿ 1, 5 ಮತ್ತು 19ಎ ಮೂರೂ ಇವೆ. ಮೂರನೆಯ ಮಾದರಿ ಮಾತ್ರ ಅದರಲ್ಲಿ ಇಲ್ಲ. ಬೇರೆ ಲಸಿಕೆಗಳಲ್ಲಿ ಸೇರಿದೆಡೆಯೂ ಆ ಮಾದರಿ ಸುಲಭವಾಗಿ ಮಣಿದಿಲ್ಲ. ಅದರ ಕವಚ ಕೋಶಭಿತ್ತಿಗೆ ಬಿಗಿಯಾಗಿ ಬೆಸೆದುಕೊಳ್ಳದೆ ಕಳಚಿ ರಕ್ತದಲ್ಲಿ ತೇಲುತ್ತ, ಬ್ಯಾಕ್ಟೀರಿಯಾವನ್ನು ಹಿಡಿಯಬೇಕಾದ ಪ್ರತಿಕಾಯಗಳನ್ನು ತಾನೇ ಹಿಡಿದಿಟ್ಟುಕೊಳ್ಳುವುದು ಇದಕ್ಕೆ ಒಂದು ಕಾರಣವೆಂದು ಪ್ರಯೋಗಗಳು ಸೂಚಿಸುತ್ತವೆ.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ನ್ಯುಮೊಕಾಕಸ್ ಸಂಯೋಜಿತ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳ ಮೂಲಕ ಸೇರಿ 2021ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಈಗ ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ ಸರಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಅದಕ್ಕೆ ಮುಂಚೆ ಬಹುಕಾಲ ಬೆಂಗಳೂರಿನಲ್ಲಿ ಖಾಸಗಿ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿ ತೆರಬಲ್ಲವರ ಮಕ್ಕಳಿಗಷ್ಟೇ ಈ ರಕ್ಷಣೆ ಇತ್ತು. ಇಂದಿರಾನಗರದ ಮಗುವಿಗೂ ಕೆ.ಆರ್. ಪುರದ ಆಚೆ ಕಟ್ಟಡ ಕೆಲಸಗಾರರ ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಮಗುವಿಗೂ ರೋಗಾಣು ಒಂದೇ ಆಗಿದ್ದರೂ, ಒಲೆಯ ಹೊಗೆ, ಇಕ್ಕಟ್ಟು, ಅಪೌಷ್ಟಿಕತೆಗಳು ಎರಡನೆಯ ಮಗುವಿನ ದೇಹದಲ್ಲಿ ಅದೇ ಕವಚವನ್ನು ಹೆಚ್ಚು ಅಪಾಯಕಾರಿಯಾಗಿಸುತ್ತವೆ. ಒಂದು ಕಟ್ಟಡ ಮುಗಿದೊಡನೆ ಇನ್ನೊಂದು ಬಡಾವಣೆಗೆ ಹೊರಡುವ ಕುಟುಂಬದ ಮಗು ಮೊದಲ ಡೋಸನ್ನು ಒಂದು ಆರೋಗ್ಯ ಕೇಂದ್ರದಲ್ಲಿ ಪಡೆದು ಒಂಬತ್ತನೆಯ ತಿಂಗಳಿನದನ್ನು ಕಳೆದುಕೊಳ್ಳುವುದು ಬಹು ಸುಲಭ. ತಾಯಿ ಕಾರ್ಡ್ ಎಂಬ ಆರೋಗ್ಯ ದಾಖಲೆಯನ್ನು ಕೈಯಲ್ಲಿ ಹಿಡಿದು ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಆ ಮಗುವನ್ನು ಹುಡುಕುವ ಆಶಾ ಕಾರ್ಯಕರ್ತೆಯ ದುಡಿಮೆ, ಏವರಿ ಮತ್ತು ಡ್ಯುಬೊ ಅವರ ಪ್ರಯೋಗಾಲಯದಲ್ಲಿ ಆರಂಭವಾದ ಕೆಲಸದ ಮುಂದುವರಿಕೆಯೆಂದೇ ಪರಿಗಣಿಸಲು ಅರ್ಹವಾದದ್ದು.

ಎ ಗುಂಪಿನ ಸ್ಟ್ರೆಪ್ಟೊಕಾಕಸ್ಸಿನ ಕಡೆ ತಿರುಗಿದರೆ ಚಿತ್ರ ಬೇರೆಯಾಗುತ್ತದೆ. ಅದರ ಕವಚ ಹೈಲುರಾನಿಕ್ ಆಮ್ಲದ್ದು. ಮನುಷ್ಯರ ಚರ್ಮದಲ್ಲೂ ಕೀಲುಗಳಲ್ಲೂ ಇರುವ ವಸ್ತುವೇ ಅದು, ಎರಡಕ್ಕೂ ರಾಸಾಯನಿಕವಾಗಿ ವ್ಯತ್ಯಾಸವಿಲ್ಲ. ತನ್ನದೇ ವಸ್ತುವನ್ನು ದೇಹ ಪರಕೀಯವೆಂದು ಕಾಣುವುದಿಲ್ಲವಾದ್ದರಿಂದ ಈ ಕವಚದ ವಿರುದ್ಧ ಉಪಯುಕ್ತವಾದ ಪ್ರತಿಕಾಯ ಹುಟ್ಟುವುದಿಲ್ಲ, ಕವಚವನ್ನಾಧರಿಸಿದ ಲಸಿಕೆಯ ದಾರಿಯೂ ಇಲ್ಲಿ ಮುಚ್ಚಿದೆ. ಕವಚ ಕಟ್ಟಲಾಗದಂತೆ ಮಾರ್ಪಡಿಸಿದ ತಳಿ ಇಲಿಗಳಲ್ಲಿ ಸುಮಾರು ನೂರು ಪಟ್ಟು ದುರ್ಬಲವಾಗುವುದನ್ನು 1991ರಲ್ಲಿ ತೋರಿಸಲಾಯಿತು. 1980ರ ದಶಕದ ನಡುವೆ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಸುತ್ತ ಕೀಲುವಾತಜ್ವರ ಮರುಕಳಿಸಿದಾಗ ದಪ್ಪ ಕವಚದ, ಲೋಳೆಯಂಥ ಚುಕ್ಕೆಗಳಾಗಿ ಬೆಳೆಯುವ ತಳಿಗಳು ಅದರ ಜೊತೆ ಕಾಣಿಸಿಕೊಂಡವು. ಆದರೆ ಕವಚದ ಜೀನುಗಳೇ ಇಲ್ಲದ ಕೆಲವು ತಳಿಗಳು ಸಹ ಮನುಷ್ಯರಲ್ಲಿ ತೀವ್ರ ರೋಗವನ್ನು ಉಂಟುಮಾಡುತ್ತವೆ ಎಂಬುದನ್ನು ಮರೆಮಾಚುವಂತಿಲ್ಲ. ಅವುಗಳಲ್ಲಿ ಎಂ ಪ್ರೋಟೀನ್ ಮೊದಲಾದ ಬೇರೆ ಅಂಶಗಳು ಭಕ್ಷಕ ಕೋಶಗಳನ್ನು ತಡೆಯುತ್ತವೆ. ಕವಚವೇ ಉಗ್ರತೆಯ ಏಕೈಕ ಕಾರಣವೆಂದು ನ್ಯುಮೊಕಾಕಸ್ಸಿನ ಆಧಾರದ ಮೇಲೆ ಇಡೀ ಕುಲಕ್ಕೆ ತೀರ್ಪು ಕೊಡುವುದು ಅವಸರವಾದೀತು. ಸದ್ಯ ಈ ರೋಗಾಣುವಿನ ವಿರುದ್ಧ ಉಳಿದಿರುವುದು ಪೆನಿಸಿಲಿನ್ ಮತ್ತು ಮಕ್ಕಳ ಗಂಟಲುಬೇನೆಯನ್ನು ಹಗುರವಾಗಿ ಕಾಣದ ಎಚ್ಚರ. ಆ ಎಚ್ಚರ ತಪ್ಪಿದೆಡೆ ಹೃದಯದ ಕವಾಟ ಕೆಟ್ಟ ಎಳೆಯರು ಇಂದಿಗೂ ರಾಜ್ಯದ ಹೃದ್ರೋಗ ಆಸ್ಪತ್ರೆಗಳಿಗೆ ಬರುತ್ತಿದ್ದಾರೆ.

ಬಿ ಗುಂಪಿನದು ಈ ಎರಡರ ನಡುವಣ ಸ್ಥಿತಿ. ಅದರ ಕವಚದಲ್ಲಿ ಹತ್ತು ಮಾದರಿಗಳಿವೆ. ಎಲ್ಲದರಲ್ಲಿಯೂ ಸಕ್ಕರೆಯ ಸರಪಳಿಯ ತುದಿಗೆ ಸಿಯಾಲಿಕ್ ಆಮ್ಲವೆಂಬ ಕಣವಿರುತ್ತದೆ. ಮನುಷ್ಯರ ಜೀವಕೋಶಗಳ ಹೊರಮೈಯಲ್ಲಿಯೂ ಅದೇ ಕಣವಿದ್ದು, ಪೂರಕ ವ್ಯವಸ್ಥೆ ಸ್ವಂತ ಕೋಶಗಳ ಮೇಲೆ ಎರಗದಂತೆ ತಡೆಯುವ ಸಂಕೇತವಾಗಿ ಅದು ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾ ಆ ಸಂಕೇತವನ್ನೇ ಧರಿಸಿ ದೇಹದ ಕಣ್ಣು ತಪ್ಪಿಸುತ್ತದೆ. ಆದರೂ ಕವಚದ ಉಳಿದ ರಚನೆಯಲ್ಲಿ ಪರಕೀಯತೆ ಉಳಿದಿರುವ ಕಾರಣ ಪ್ರತಿಕಾಯಗಳು ಹುಟ್ಟಬಲ್ಲವು. ಮೂರನೆಯ ಮಾದರಿಯ ಕವಚದ ವಿರುದ್ಧ ತಾಯಿಯ ರಕ್ತದಲ್ಲಿ ಪ್ರತಿಕಾಯ ಕಡಿಮೆಯಿದ್ದರೆ ಶಿಶುವಿಗೆ ಅಪಾಯ ಹೆಚ್ಚೆಂದು ಕ್ಯಾರೊಲ್ ಬೇಕರ್ ಮತ್ತು ಡೆನಿಸ್ ಕ್ಯಾಸ್ಪರ್ 1976ರಲ್ಲಿ ತೋರಿಸಿದರು. ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರಿನ ಶಿವಾಜಿನಗರದ ಘೋಷಾ ಆಸ್ಪತ್ರೆಯಿಂದ ಹಲಸೂರಿನ ಹೆರಿಗೆ ಆಸ್ಪತ್ರೆಯವರೆಗೆ, ಸಾಮಾನ್ಯ ಜನರ ಮಕ್ಕಳು ಕಣ್ಣು ತೆರೆಯುವ ಸ್ಥಳಗಳ ಮಟ್ಟಿಗೆ ಇದರ ಅರ್ಥ ಬಹಳ ನೇರವಾದದ್ದು: ಹುಟ್ಟಿದ ಮೊದಲ ದಿನಗಳಲ್ಲಿಯೇ ಬರುವ ಈ ನಂಜಿಗೆ ಶಿಶುವಿಗೆ ಲಸಿಕೆ ಕೊಟ್ಟು ಪ್ರಯೋಜನವಿಲ್ಲ, ತಾಯಿಗೆ ಕೊಡಬೇಕು. ಆರು ಮಾದರಿಗಳ ಕವಚವನ್ನು ಪ್ರೋಟೀನಿಗೆ ಬೆಸೆದ ಅಂಥ ಒಂದು ಲಸಿಕೆಯನ್ನು ದಕ್ಷಿಣ ಆಫ್ರಿಕದ ಗರ್ಭಿಣಿಯರಲ್ಲಿ ಪರೀಕ್ಷಿಸಿದ ಫಲಿತಾಂಶಗಳು 2023ರಲ್ಲಿ ಪ್ರಕಟವಾಗಿದ್ದು, ತಾಯಿಯಲ್ಲಿ ಹುಟ್ಟಿದ ಪ್ರತಿಕಾಯಗಳು ಶಿಶುವಿಗೆ ತಲುಪುವುದು ಅವುಗಳಿಂದ ಖಚಿತಪಟ್ಟಿದೆ. ಆದರೆ ಮಾಸುಚೀಲವನ್ನು ದಾಟಿ ಪ್ರತಿಕಾಯಗಳು ಹೆಚ್ಚಾಗಿ ಸಾಗುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ. ಎಂಟು ತಿಂಗಳು ತುಂಬುವ ಮೊದಲೇ ಹುಟ್ಟುವ ಶಿಶುವಿಗೆ, ಎಂದರೆ ಈ ಬ್ಯಾಕ್ಟೀರಿಯಾಕ್ಕೆ ಎಲ್ಲರಿಗಿಂತ ಬೇಗ ಸೋಲುವ ಶಿಶುವಿಗೆ, ತಾಯಿಯ ಪಾಲು ಪೂರ್ತಿಯಾಗಿ ಬಂದಿರುವುದಿಲ್ಲ. ಆದ್ದರಿಂದ ಮುಂದೆ ಇಂಥ ಲಸಿಕೆ ಬಳಕೆಗೆ ಬಂದಾಗ, ಅದನ್ನು ಗರ್ಭದ ಯಾವ ವಾರದಲ್ಲಿ ಕೊಡಬೇಕೆಂಬ ನಿರ್ಧಾರವನ್ನು ಆ ಶಿಶುವನ್ನು ಮುಂದಿಟ್ಟುಕೊಂಡೇ ತೆಗೆದುಕೊಳ್ಳಬೇಕಾಗುತ್ತದೆ.